ಮೌನಪ್ಪ ಮೇಸ್ತ್ರಿ ತೋರಿಸುವ ಒಂದು ಕೊಡ ನೀರು

ಮೌನಪ್ಪ ಮೇಸ್ತ್ರಿ ಹಾಕಿದ ಪೈಪಿನ ಮೇಲೆ ಮಣ್ಣು ಬೀಳಬೇಕಾದರೆ ಮೊದಲು ಯಜಮಾನರು ಬಂದು ನಿಲ್ಲಬೇಕು. ಮೇಸ್ತ್ರಿ ಒಂದು ತುದಿಯಲ್ಲಿ ಒಂದು ಕೊಡ ನೀರು ಸುರಿಯುತ್ತಾರೆ. ಆಮೇಲೆ ಯಜಮಾನರನ್ನು ಪೈಪಿಗೆ ತೋಡಿದ ಚರಂಡಿಯ ಗುಂಟ ನಡೆಸಿಕೊಂಡು ಹೋಗಿ, ನೀರು ಎಲ್ಲಿ ಹೊರಬಿತ್ತು, ಅಲ್ಲಿಂದ ಎಲ್ಲಿಗೆ ಹೋಯಿತು ಎಂದು ತೋರಿಸುತ್ತಾರೆ. ಅದಾದ ಮೇಲೆಯೇ ಸಲಿಕೆ ಎತ್ತುವುದು. ಇದಕ್ಕೆ ಅವರು ಇಟ್ಟ ಹೆಸರು ‘ನೀರು ತೋರಿಸೋದು’.

ಸುರಪುರದ ಕಡೆಯಿಂದ ಹೈದರಾಬಾದಿಗೆ ಬಂದು ಅವರಿಗೆ ಮೂವತ್ತು ವರ್ಷ. ಹಿಮಾಯತ್‌ನಗರದ ನಮ್ಮ ಮನೆಯ ನಲ್ಲಿಗಳು, ಅಪ್ಪನ ಬಟ್ಟೆ ಅಂಗಡಿಯ ಮಾಳಿಗೆ ಪೈಪು, ಎಲ್ಲ ಅವರ ಕೈಯ ಕೆಲಸ. ಕೂಲಿಯವರ ಜೊತೆ ತೆಲುಗು, ಟೈಲ್ಸ್‌ನವರ ಜೊತೆ ಹಿಂದಿ, ನಮ್ಮ ಜೊತೆ ಮಾತ್ರ ಊರಿನ ಕನ್ನಡ. ನಾನು ಸಿವಿಲ್ ಇಂಜಿನಿಯರಿಂಗ್ ಸೇರಿದ ದಿನದಿಂದ ನನ್ನನ್ನು ‘ಇಂಜಿನಿಯರ್ ಅವ್ವ’ ಎಂದು ಕರೆಯುತ್ತಾರೆ. ಮೊದಮೊದಲು ಅದು ಚೇಷ್ಟೆಯಾಗಿತ್ತು, ಆಮೇಲೆ ಅದೇ ನನ್ನ ಹೆಸರಾಯಿತು.

ಶಂಶಾಬಾದ್ ದಾಟಿ ಒಳಗೆ ಹೋದರೆ ನಮ್ಮದೊಂದು ತೋಟ ಇದೆ. ಈ ವರ್ಷ ಅಪ್ಪ ಅಲ್ಲಿ ಸ್ವಿಮ್ಮಿಂಗ್ ಪೂಲ್ ಕಟ್ಟಿಸಲು ಒಪ್ಪಿದಾಗ ನಾನು ಕುಣಿದುಬಿಟ್ಟೆ. ಜಾಗ ಆರಿಸಿದವಳೂ ನಾನೇ. ಮನೆಯಿಂದ ಇನ್ನೂರೈವತ್ತು ಅಡಿ ದೂರ, ತೋಟದ ಕಟ್ಟಕಡೆಯ ಮೂಲೆ, ಯಾಕೆಂದರೆ ಅಲ್ಲಿ ನೀರಿನ ಮೇಲೆ ಅಂಗಾತ ತೇಲಿದರೆ ಇಳಿಯುವ ವಿಮಾನಗಳ ಹೊಟ್ಟೆ ಕಾಣುತ್ತದೆ. ಪೂಲಿನ ನೀರನ್ನು ಆಗಾಗ ಹೊರಗೆ ಬಿಡಬೇಕಾಗುತ್ತದೆ, ಅದು ಎಲ್ಲಿಗಾದರೂ ಹೋಗಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಎರಡನೇ ವರ್ಷದ ಸಿವಿಲ್ ಓದುವವಳಿಗೆ.

ಪೂಲು ಕಟ್ಟಿ ಮುಗಿಯುವ ಹೊತ್ತಿಗೆ ಮೌನಪ್ಪ ಉದ್ದನೆಯ ಪ್ಲಾಸ್ಟಿಕ್ ನಳಿಗೆಯಲ್ಲಿ ನೀರು ತುಂಬಿ, ಒಂದು ತುದಿ ಮನೆಯ ಹತ್ತಿರ, ಇನ್ನೊಂದು ತುದಿ ಪೂಲಿನ ಹತ್ತಿರ ಹಿಡಿಸಿ ಮಟ್ಟ ನೋಡಿದರು. ಪೂಲು ನಾಲ್ಕಡಿ ಕೆಳಗಿತ್ತು.

“ಮನಿ ಮೋರಿ ಲೈನಿಗೆ ಕೂಡಸಾಕ ಬರಂಗಿಲ್ರಿ ಇಂಜಿನಿಯರ್ ಅವ್ವ, ನೀರು ಮ್ಯಾಲೆ ಹತ್ತಂಗಿಲ್ಲ. ಇಲ್ಲೇ ಇಂಗುಗುಂಡಿ ತೋಡೂಣು.”

ಕೆಳಗೆ ಬರೀ ಬಂಡೆ, ಗುಂಡಿಗೆ ಹತ್ತು ದಿನ ಬೇಕು ಎಂದರು. ಬರುವ ಭಾನುವಾರ ನನ್ನ ಹುಟ್ಟುಹಬ್ಬ, ಕ್ಲಾಸಿನ ಹನ್ನೆರಡು ಜನರನ್ನು ಆಗಲೇ ಕರೆದಿದ್ದೆ. ನಾನು ಲ್ಯಾಪ್‌ಟಾಪ್ ತೆಗೆದು, ಕಾಂಪೌಂಡಿನ ಆಚೆ ಹರಿಯುವ ಸಣ್ಣ ಕಾಲುವೆಗೆ ನೇರವಾಗಿ ಪೈಪು ಎಳೆದು, ಇಳಿಜಾರಿನ ಲೆಕ್ಕವನ್ನೂ ಹಾಕಿ ತೋರಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಕಾಲುವೆ ಎಲ್ಲಿಗೆ ಹೋಗುತ್ತದೋ ತಾನು ನೋಡಿಲ್ಲ ಎಂದರು ಮೌನಪ್ಪ. ಅದು ಸರ್ಕಾರದ ಮೋರಿ ಎಂದು ನಾನು ಧೈರ್ಯವಾಗಿ ಹೇಳಿದೆ. ಅಪ್ಪನಿಗೆ ನೀರು ತೋರಿಸದೆ ಮುಚ್ಚುವುದಿಲ್ಲ ಎನ್ನುವ ಮಾತಿನ ಮೇಲೆ ಅವರು ಪೈಪು ಹಾಕಿದರು.

ಗುರುವಾರ ಪೈಪು ಮುಗಿಯಿತು. ಅಪ್ಪ ಬರುವುದು ಭಾನುವಾರ. ಅಲ್ಲಿಯವರೆಗೆ ಚರಂಡಿ ತೆರೆದೇ ಇದ್ದರೆ ಮೇಲೆ ಕಲ್ಲುಹಾಸು ಹಾಕುವುದು ಯಾವಾಗ, ಪಾರ್ಟಿ ಎಲ್ಲಿ? ಶುಕ್ರವಾರ ಬೆಳಿಗ್ಗೆ ನಾನು ಮೌನಪ್ಪನವರ ಮುಂದೆ ನಿಂತು, ಅಪ್ಪ ನಿನ್ನೆ ಸಂಜೆ ಬಂದು ನೋಡಿಹೋದರು, ಮುಚ್ಚಲು ಹೇಳಿದ್ದಾರೆ ಎಂದೆ.

“ಕಾಲುವಿ ಗುಂಟ ನಡದ್ರೇನ್ರಿ?”

“ಹೂಂ, ನಡೆದ್ರು.”

ಅವರು ಮತ್ತೇನೂ ಕೇಳದೆ ಸಲಿಕೆ ಎತ್ತಿದರು.

ಪಾರ್ಟಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಸುಳ್ಳು ಹೇಳಿದ್ದನ್ನೇ ಮರೆತೆ. ಗದ್ದಲದಲ್ಲಿ ಅಪ್ಪನೂ ಪೈಪಿನ ವಿಷಯ ಕೇಳಲಿಲ್ಲ. ಹದಿಮೂರು ಜನ ಕುಣಿದ ನೀರು ಕೊಳೆಯಾಯಿತು. ಬುಧವಾರ ಪೂಲಿನವನು ಬಂದು ಕ್ಲೋರಿನ್ ಸುರಿದ, ಮರುದಿನ ಅರ್ಧ ನೀರು ಹೊರಗೆ ಬಿಟ್ಟ. ಶನಿವಾರ ತೋಟದ ಗೇಟಿನ ಮುಂದೆ ಪಕ್ಕದ ಹೊಲದ ಸತ್ಯಭಾಮಾ ನಿಂತಿದ್ದರು. ಬುಟ್ಟಿಯಲ್ಲಿ ಸುಟ್ಟಂತೆ ಕಪ್ಪಾದ ಗುಲಾಬಿ ಚಿಗುರುಗಳು. ಆ ಕಾಲುವೆ ಹೋಗಿ ನಿಲ್ಲುವುದು ಅವರ ಗುಲಾಬಿ ಸಾಲುಗಳಲ್ಲಿ. ಅವರು ಬೈಯಲಿಲ್ಲ, ಇದು ಯಾಕೆ ಹೀಗಾಯಿತು ಎಂದು ತೆಲುಗಿನಲ್ಲಿ ಕೇಳಿದರು, ಅಷ್ಟೇ.

ಸುದ್ದಿ ಕೇಳಿ ಬಂದ ಅಪ್ಪ ಮೌನಪ್ಪನವರನ್ನು ಕರೆಸಿದರು.

“ಇಪ್ಪತ್ತು ವರ್ಷದಾಗ ಒಮ್ಮೆನೂ ನನಗ ತೋರಸದ ಮುಚ್ಚಿಲ್ಲ ನೀ. ಈ ಸಲ ಏನಾಗಿತ್ತು ಮೌನಪ್ಪ?”

ಮೌನಪ್ಪ ಒಂದೇ ಒಂದು ಸಲ ನನ್ನ ಕಡೆ ನೋಡಿದರು.

“ನಂದೇ ತಪ್ಪರಿ. ಕಾಲುವಿ ಗುಂಟ ನಾ ನಡೀಬೇಕಾಗಿತ್ತು.”

ಅಂಗಡಿಯ ಮೇಲಿನ ಮಹಡಿಯ ಕೆಲಸ ಸೋಮವಾರ ಶುರುವಾಗಬೇಕಿತ್ತು. ಅದಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು ಅಪ್ಪ. ಮೌನಪ್ಪ ತಲೆ ಅಲ್ಲಾಡಿಸಿ ಸಲಿಕೆ, ನಳಿಗೆ ಎತ್ತಿಕೊಂಡು ಹೊರಟರು. ನಾನು ಕಂಬಕ್ಕೆ ಒರಗಿ ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಇತ್ತು, ಗೇಟಿನವರೆಗೆ ಅವರು ನಿಧಾನವಾಗಿಯೇ ನಡೆದರು.

ಸೋಮವಾರ ಕಾಲೇಜು ತಪ್ಪಿಸಿ, ಕ್ಷಮೆ ಕೇಳಬೇಕೆಂದು ಸತ್ಯಭಾಮಾ ಅವರ ಹೊಲಕ್ಕೆ ಹೋದೆ. ಅಲ್ಲಿ ಮೌನಪ್ಪ ಇದ್ದರು. ಬೋರಿನ ನೀರನ್ನು ಕೊಡದಲ್ಲಿ ಹೊತ್ತು ತಂದು, ಒಂದೊಂದೇ ಗಿಡದ ಬುಡ ತೊಳೆಯುತ್ತಿದ್ದರು. ಬೆಳಗಿನಿಂದ ಅದೇ ಕೆಲಸವಂತೆ, ಯಾರೂ ಹೇಳಿರಲಿಲ್ಲ. ನನ್ನನ್ನು ಕಂಡು, “ಬುಡ ಜೀವ ಐತ್ರಿ, ಚಿಗರತಾವು” ಎಂದರು, ನಾನೇ ಸಮಾಧಾನ ಮಾಡಿಸಿಕೊಳ್ಳಲು ಬಂದವಳ ಹಾಗೆ. ಅಲ್ಲೇ ಬದುವಿನ ಮೇಲೆ ನಿಂತು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅಪ್ಪ ಮೇಸ್ತ್ರಿಗೆ ಫೋನ್ ಕೊಡಲು ಹೇಳಿದರು.

ಮಹಡಿಯ ಕೆಲಸ ಮತ್ತೆ ಅವರಿಗೇ ಬಂತು, ಆದರೆ ಅವರು ಮೊದಲು ಹಿಡಿದದ್ದು ಇಂಗುಗುಂಡಿ. ಬಂಡೆ ಒಡೆದು, ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ತುಂಬಿ, ಪೂಲಿನಿಂದ ಅಲ್ಲಿಗೆ ಪೈಪು ಎಳೆದು ಮುಗಿಸುವಾಗ ಹತ್ತನೇ ದಿನ, ಬುಧವಾರ. ಕೊಡ ಎತ್ತಿ ನಾನೇ ನೀರು ಸುರಿದೆ, ಅದರ ಜೊತೆ ನಡೆದೆ. ನೀರು ಗುಂಡಿಗೆ ಬಿದ್ದು ಸದ್ದಿಲ್ಲದೆ ಇಂಗಿತು. ಖುಷಿ ತಡೆಯಲಾರದೆ ಓಡಿಬಂದು, ನೋಡಿದೆ ಮೇಸ್ತ್ರಿ, ಸರಿಯಾಗಿ ಬಿತ್ತು, ಮುಚ್ಚಿ ಎಂದೆ.

ಮೌನಪ್ಪ ಸಲಿಕೆಯನ್ನು ಗೋಡೆಗೆ ಒರಗಿಸಿ, ಕಲ್ಲಿನ ಮೇಲೆ ಕೂತು, ಎಲೆಗೆ ಸುಣ್ಣ ಸವರಿದರು.

“ಇರ್ಲಿ ಬಿಡ್ರಿ ಅವ್ವ. ಅಪ್ಪಾರು ಬರ್ಲಿ.”

ಇಂಜಿನಿಯರ್ ಅನ್ನಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅಪ್ಪ ಬಂದದ್ದು ಭಾನುವಾರ. ಅಲ್ಲಿಯವರೆಗೆ ನಾಲ್ಕು ದಿನ ಚರಂಡಿ ತೆರೆದೇ ಇತ್ತು, ಪೂಲಿಗೆ ಹೋಗುವಾಗಲೆಲ್ಲ ನಾನು ಅದನ್ನು ದಾಟಿಯೇ ಹೋದೆ.