ಬಾಯಿ ನೋಡಿ ಮೀನು ಆರಿಸುತ್ತಿದ್ದ ಕುಂಞಿಪ್ಪ ಕಾಕ

ನನಗೆ ಆಗ ಇಪ್ಪತ್ತೇಳು. ಐವತ್ತೊಂದು ವರ್ಷದ ಹಿಂದಿನ ಮಾತು. ಕೊಡಗನ್ನು ಮೈಸೂರಿಗೆ ಸೇರಿಸಿ ಎರಡೋ ಮೂರೋ ವರ್ಷ ಆಗಿತ್ತು.

ಕುಂಞಿಪ್ಪ ಕಾಕನನ್ನು ನಾನು ಮೊದಲು ನೋಡಿದಾಗ ಅವನು ನಮ್ಮ ಡಾಕ್ಟ್ರು ಮೀನು ಸಾಕುವ ಗಾಜಿನ ಪೆಟ್ಟಿಗೆಗೆ ಬೆರಳು ಅದ್ದಿ ನೆಕ್ಕುತ್ತಿದ್ದ. ಸಾರಿಗೆ ಉಪ್ಪು ಹಿಡಿದಿದೆಯೋ ಇಲ್ಲವೋ ನೋಡುವ ಹಾಗೆ. ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿ, ಇದು ಮಳೆ ಬಿದ್ದ ಮೇಲೆ ದಡದ ಹತ್ತಿರ ತುಂಬಿದ ನೀರು, ಸಪ್ಪೆ ಉಂಟು, ಅಂದ. ಡಾಕ್ಟ್ರು ಬೆಪ್ಪಾಗಿ ನಿಂತರು. ಅದು ಆಟಿಯ ಜಡಿಮಳೆಯಲ್ಲಿ ತರಿಸಿದ ನೀರೇ ಆಗಿತ್ತು.

ಡಾಕ್ಟ್ರು ಹಡಗಿನಲ್ಲಿ ದುಡಿದು ಬಂದವರು. ಹೆಂಡತಿ ಮಕ್ಕಳು ಇರಲಿಲ್ಲ. ವಿರಾಜಪೇಟೆಯಿಂದ ಮೂರು ಮೈಲಿ ಆಚೆ ತೋಟದ ನಡುವೆ ಮನೆ. ಬಂದು ಒಂದು ವರ್ಷಕ್ಕೆ ಅವರಿಗೆ ಕಡಲು ಬೇಕು ಅನ್ನಿಸಿತು. ಕಡಲು ಬೇಕಿದ್ದವರು ಕಡಲ ಕರೆಯಲ್ಲೇ ಇರಬೇಕಿತ್ತು. ಕಾಫಿ ಗಿಡದ ನಡುವೆ ಕೂತು ಕಡಲು ಬೇಕು ಅಂದರೆ ಯಾರಾದರೂ ಹೊತ್ತು ತರಬೇಕು. ಕಣ್ಣೂರಿನಿಂದ ಮಾಕುಟ್ಟದ ದಾರಿಯಾಗಿ ಬರುವ ಮೀನಿನ ಲಾರಿಯಲ್ಲಿ ಉಪ್ಪಿನಕಾಯಿ ಭರಣಿಗಳಲ್ಲಿ ನೀರು ಬಂತು. ಹವಳದ ಕಲ್ಲು ಬಂತು. ಪೂರ್ವದ ಕಿಟಕಿ ಹತ್ತಿರ ಗಾಜಿನ ಪೆಟ್ಟಿಗೆ ಇಟ್ಟರು. ತೊಟ್ಟಿಲಿಗಿಂತ ದೊಡ್ಡದು, ಮಂಚಕ್ಕಿಂತ ಸಣ್ಣದು.

ನಾನು ಅಲ್ಲಿ ಅಡುಗೆಗೆ ಇದ್ದವಳು. ಗಂಡ ಮೆಣಸು ಕೊಯ್ಯಲು ಮರ ಹತ್ತಿ ಬಿದ್ದು ತೀರಿಹೋದ ಮೇಲೆ ಮೂರ್ನಾಡಿನ ಹತ್ತಿರ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ನನ್ನ ತಟ್ಟೆಯನ್ನೇ ನೋಡುತ್ತಾ ಊಟ ಮಾಡುತ್ತಿದ್ದಳು. ಡಾಕ್ಟ್ರ ಮನೆಯ ಹಿಂದಿನ ಕೋಣೆ ಸಿಕ್ಕಿದಾಗ ಅಲ್ಲಿಂದ ತಿರುಗಿ ನೋಡದೆ ಬಂದೆ. ಅಡುಗೆಯ ಮೇಲೆ ಈ ಪೆಟ್ಟಿಗೆಯ ಕೆಲಸವೂ ನನ್ನ ತಲೆಗೆ ಬಿತ್ತು. ಕರೆಂಟು ಇರಲಿಲ್ಲ. ನೀರಿಗೆ ಗಾಳಿ ಸೇರಬೇಕು, ಇಲ್ಲದಿದ್ದರೆ ಮೀನು ಉಸಿರು ಕಟ್ಟಿ ಸಾಯ್ತದೆ ಅಂತ ಡಾಕ್ಟ್ರು ಹೇಳಿದರು. ಅದಕ್ಕೆ ನಾನು ಚಿಪ್ಪಿನ ಸೌಟಿನಲ್ಲಿ ನೀರು ಎತ್ತಿ ಎತ್ತರದಿಂದ ಸುರಿಯಬೇಕು. ಕಾಫಿ ಆರಿಸಿದ ಹಾಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಮೊದಲ ಸಲ ಹನ್ನೆರಡು ಮೀನು ತರಿಸಿದರು. ನಾಲ್ಕು ದಿನದಲ್ಲಿ ಹನ್ನೆರಡೂ ಸತ್ತವು. ಎರಡನೇ ಸಲ ಹದಿನಾಲ್ಕು. ಅವು ಒಂದು ವಾರ ಬಂದವು. ಎಲ್ಲವನ್ನೂ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿದೆ. ಆ ವರ್ಷ ಮೆಣಸು ಚೆನ್ನಾಗಿ ಬಂತು. ಡಾಕ್ಟ್ರು ಮಾತ್ರ, ನಾನು ಸರಿಯಾಗಿ ಸುರಿಯುತ್ತಿಲ್ಲ ಅಂದರು. ಇನ್ನೊಂದು ಸಲ ಹೀಗಾದರೆ ನೀನು ಅಣ್ಣನ ಮನೆಗೆ ಹೋಗು ದೇವಕಿ, ಅಂದರು. ಕೋಪದಲ್ಲಿ ಹೇಳಿದ್ದಲ್ಲ. ಅದಕ್ಕೇ ನನಗೆ ಹೆದರಿಕೆ ಆದದ್ದು.

ಮೂರನೇ ಸಲಕ್ಕೆ ಬಂದವನು ಕುಂಞಿಪ್ಪ ಕಾಕ. ಬುಧವಾರ ಮತ್ತು ಭಾನುವಾರ ಲಾರಿಯಲ್ಲಿ ಮೀನಿನ ಬುಟ್ಟಿ ತಂದು ವಿರಾಜಪೇಟೆಯಲ್ಲಿ ಮಾರುವವನು. ಅರವತ್ತು ದಾಟಿತ್ತು. ಕಡ್ಡಿಯಂಥ ಕಾಲು, ಮಂಡಿಗೆ ಎತ್ತಿ ಕಟ್ಟಿದ ಲುಂಗಿ, ಅಗಲ ಬೆಲ್ಟು. ಒಂದು ಕಿವಿಯ ಮೇಲೆ ಬೀಡಿ, ಇನ್ನೊಂದರ ಮೇಲೆ ಪೆನ್ಸಿಲು. ಪೆನ್ಸಿಲಿನಲ್ಲಿ ಅವನು ಬರೆದದ್ದನ್ನು ನಾನು ನೋಡಲೇ ಇಲ್ಲ. ಸತ್ತ ಮೀನು ಮಾರುವವನಿಗೆ ಬದುಕಿದ ಮೀನಿನ ವಿಚಾರ ಎಂತ ಗೊತ್ತು ಅಂತ ನಾನೇ ಕೇಳಿದೆ. ಸತ್ತದ್ದು ಯಾಕೆ ಸತ್ತಿತು ಅಂತ ಗೊತ್ತಿರುವವನಿಗೇ ಬದುಕಿದ್ದು ಗೊತ್ತಿರುವುದು ಅಂದ. ಅವನ ಭಾವ ಕಡಲ ನಡುವಿನ ದ್ವೀಪದಿಂದ ಕೊಬ್ಬರಿ ತರುವ ಹಾಯಿ ದೋಣಿಯಲ್ಲಿದ್ದನಂತೆ. ಬಣ್ಣದ ಮೀನು ತರುತ್ತಿದ್ದವನು ಅವನು.

ಬೇರೆಯವರೆಲ್ಲ ಮೀನು ಹೊತ್ತುಕೊಂಡೇ ಬಂದಿದ್ದರು. ಕಾಕ ಬರಿಗೈಲಿ ಬಂದ. ನೀರು ನೆಕ್ಕಿ ಆದ ಮೇಲೆ ಸುರಿಯುವವರು ಯಾರು ಅಂತ ಕೇಳಿದ. ನನ್ನ ಕೈಗೆ ಸೌಟು ಕೊಟ್ಟು, ಸುರಿ ಮೋಳೆ, ಅಂದ. ಮೋಳೆ ಅಂದರೆ ಅವರ ಮಾತಿನಲ್ಲಿ ಮಗಳು. ನಾನು ಸುರಿದೆ. ಅವನು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಾ ಎಣಿಸಿದ. ಇನ್ನೂರು ಆಗುವಾಗ ಕೈ ಸೋತು ಸೌಟು ಕೆಳಗಿಟ್ಟೆ. ಅವನು ಬೀಡಿ ಎಸೆದು ಎದ್ದ.

"ನಾಲ್ಕು," ಅಂದ.

ಡಾಕ್ಟ್ರಿಗೆ ಸಿಟ್ಟು ಬಂತು. ಇಷ್ಟು ದೊಡ್ಡ ಪೆಟ್ಟಿಗೆಗೆ ನಾಲ್ಕೇ ಮೀನಾ, ಹನ್ನೆರಡಾದರೂ ಇಲ್ಲದಿದ್ದರೆ ಚಂದ ಕಾಣ್ತದಾ ಅಂತ ಕೇಳಿದರು.

"ಪೆಟ್ಟಿಗೆ ದೊಡ್ಡದೇ ಡಾಕ್ಟ್ರೇ. ಇವಳಿಗೆ ಕೈ ಎರಡೇ," ಅಂದ ಕಾಕ. "ಒಂದು ಮೀನಿಗೆ ಐವತ್ತು ಸೌಟು ಉಸಿರು. ಹನ್ನೆರಡು ಬೇಕಾದರೆ ಇನ್ನಿಬ್ಬರು ಹೆಂಗಸರನ್ನು ಇಡಿ."

ನಾನು ಕೊಂದದ್ದಲ್ಲ ಅಂತ ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಳಗೆ ಹೋಗಿ ಅವನಿಗೆ ಎರಡು ಅಕ್ಕಿ ರೊಟ್ಟಿ ಹೆಚ್ಚಿಗೆ ಹಾಕಿದೆ.

ಯಾವ ನಾಲ್ಕು ಅನ್ನುವುದಕ್ಕೆ ಅವನು ಒಂದು ತಿಂಗಳು ತೆಗೆದುಕೊಂಡ. ಹೆಣ್ಣು ನೋಡುವವರೂ ಅಷ್ಟು ಹೊತ್ತು ಮಾಡುವುದಿಲ್ಲ. ಡಾಕ್ಟ್ರ ಹತ್ತಿರ ಬಣ್ಣದ ಚಿತ್ರಗಳ ಪುಸ್ತಕ ಇತ್ತು. ಅವರು ಒಂದೊಂದನ್ನೇ ತೋರಿಸುವುದು, ಕಾಕ ಒಂದೊಂದನ್ನೇ ತೆಗೆದುಹಾಕುವುದು. ಹಳದಿಯದು, ತಟ್ಟೆಯ ಹಾಗೆ ಚಪ್ಪಟೆ: ಅದು ಹವಳವನ್ನೇ ಕಿತ್ತು ತಿನ್ನುವುದು, ಬೇಡ. ಈ ಪಟ್ಟಿಯದು: ಈಗ ಬೆರಳಷ್ಟು, ಬರುವ ವರ್ಷ ಮೊಣಕೈಯಷ್ಟು, ಬೇಡ. ಇದು ತನ್ನ ಜಾತಿಯವರನ್ನು ಕಂಡರೆ ಕಚ್ಚುವುದು, ಒಂದೇ ಆದರೆ ಆಗಬಹುದು. ಡಾಕ್ಟ್ರು ಬಣ್ಣ ನೋಡಿ ಬೆರಳು ಇಡುತ್ತಿದ್ದರು. ಕಾಕ ಪುಸ್ತಕವನ್ನು ಮೂಗಿನ ಹತ್ತಿರ ತಂದು ಮೀನಿನ ಬಾಯಿ ನೋಡುತ್ತಿದ್ದ. "ಬಣ್ಣ ನೋಡ್ಬೇಡಿ, ಬಾಯಿ ನೋಡಿ," ಅನ್ನುವುದು ಅವನ ಮಾತು. ಮನುಷ್ಯರಿಗೂ ಅದನ್ನೇ ಹೇಳುತ್ತಿದ್ದ. ನಮ್ಮ ತೋಟದ ಲೆಕ್ಕ ಬರೆಯುವ ರೈಟರನ್ನು ನೋಡಿ ನನ್ನ ಕಿವಿಯಲ್ಲಿ, ಬಾಯಿ ದೊಡ್ಡದುಂಟು, ಅಂದ. ಮುಂದಿನ ಕಾಫಿ ಪಿಕಿಂಗಿನ ಹೊತ್ತಿಗೆ ಆ ರೈಟರು ಮೂಟೆ ಕದ್ದು ಸಾಗಿಸಿ ಸಿಕ್ಕಿಬಿದ್ದ.

ಮೊದಲು ಬಂದದ್ದು ಕಲ್ಲಿನಡಿಯವನು. ಮಣ್ಣಿನ ಬಣ್ಣದ ಬೆರಳುದ್ದದ ಮೀನು. ನೋಡಲು ಏನೂ ಇಲ್ಲ. ಮರಳು ಬಾಯಿಗೆ ಹಾಕಿ ಉಗುಳುವುದೇ ಅದರ ಕೆಲಸ. ಮನೆಗೆ ಮೊದಲು ಗುಡಿಸುವವಳು ಬರಬೇಕು, ಮತ್ತೆ ಧಣಿ, ಅಂದ ಕಾಕ. ಆಮೇಲೆ ಕಿತ್ತಳೆ ಬಣ್ಣದ ಜೋಡಿ, ಮೈಗೆ ಬಿಳಿ ಪಟ್ಟಿ, ಅವುಗಳ ಜೊತೆಗೆ ಅವು ಮಲಗುವ ಬಳುಕುವ ಕಡಲ ಹೂವು. ಹದಿನೈದು ದಿನ ಬಿಟ್ಟು ಕೊನೆಗೆ ನೀಲಿ. ನೀಲಿ ಜಗಳಗಂಟ. ಅದನ್ನು ಮೊದಲು ಬಿಟ್ಟರೆ ಪೆಟ್ಟಿಗೆ ಪೂರಾ ನನ್ನದು ಅನ್ನುತ್ತದೆ, ಕೊನೆಗೆ ಬಂದರೆ ಮೂಲೆ ಸಿಕ್ಕಿದ್ದೇ ಸಾಕು ಅಂತ ಇರುತ್ತದೆ ಅಂದ. ಲಾರಿಯಲ್ಲಿ ಭರಣಿಯನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಬರುತ್ತಿದ್ದ. ಲಾರಿ ಕುಲುಕುವಾಗ ಅವುಗಳಿಗೆ ಉಸಿರು ತಾನಾಗಿ ಸಿಗುತ್ತದಂತೆ. ಮಾಕುಟ್ಟದ ಗೇಟಿನಲ್ಲಿ ನಿಲ್ಲಿಸಿದಾಗಲೇ ಕಷ್ಟ. ಗೇಟಿನವರು ಬುಟ್ಟಿ ನೋಡುವಷ್ಟು ಹೊತ್ತೂ ಅವನು ಚಿಪ್ಪಿನಲ್ಲಿ ನೀರು ಎತ್ತಿ ಸುರಿಯುತ್ತಾ ಕೂರುತ್ತಿದ್ದನಂತೆ.

ನಾಲ್ಕೂ ಬದುಕಿದವು. ಒಂದು ವರ್ಷ ಹೋಯಿತು.

ನಡುವೆ ಒಂದು ತಪ್ಪು ನಾನೇ ಮಾಡಿದೆ, ಅದನ್ನೂ ಹೇಳಬೇಕು. ಮಾರ್ಚಿನ ಬಿಸಿಲಿಗೆ ಪೆಟ್ಟಿಗೆಯ ನೀರು ನಾಲ್ಕು ಬೆರಳು ಇಳಿಯಿತು. ಕಡಲ ನೀರಿನ ಭರಣಿ ಖಾಲಿ. ನಾನು ತೋಡಿನ ನೀರಿಗೆ ಅಡುಗೆ ಉಪ್ಪು ಕಲಸಿ ಹೊಯ್ದೆ, ಎರಡು ದಿನ. ಜಾಣತನ ಅಂತಲೇ ತಿಳಿದುಕೊಂಡಿದ್ದೆ. ಬುಧವಾರ ಕಾಕ ಬಂದು ಬೆರಳು ನೆಕ್ಕಿ ಥೂ ಅಂತ ಉಗಿದ. ನಾನು ಮಾಡಿದ್ದನ್ನು ಹೇಳಿದೆ.

"ಸಾರು ಇಂಗಿದರೆ ಮತ್ತೆ ಉಪ್ಪು ಹಾಕ್ತೀಯಾ ಮೋಳೆ?" ಅಂತ ಕೇಳಿದ.

ಹದಿನೈದು ವರ್ಷ ಒಲೆ ಮುಂದೆ ಕೂತವಳಿಗೆ ಅದು ಹೊಳೆಯಲಿಲ್ಲ. ಆರಿಹೋಗುವುದು ನೀರು, ಉಪ್ಪು ಅಲ್ಲೇ ಇರುತ್ತದೆ. ಬರೀ ಸಿಹಿನೀರು ಹೊಯ್ದರೆ ಸಾಕಿತ್ತು. ಕಾಕ ಆ ದಿನ ಬುಟ್ಟಿಯನ್ನು ಲಾರಿಯವನಿಗೆ ಒಪ್ಪಿಸಿ ಸಂಜೆವರೆಗೆ ಕೂತ. ಒಂದೊಂದು ಲೋಟ ಉಪ್ಪಿನ ನೀರು ತೆಗೆಯುವುದು, ಒಂದೊಂದು ಲೋಟ ತೋಡಿನ ನೀರು ಬಿಡುವುದು. ಒಮ್ಮೆಲೇ ಹೊಯ್ದರೆ ಮೀನಿಗೆ ತಡೆಯುವುದಿಲ್ಲ ಅಂದ. ಡಾಕ್ಟ್ರು ಏನು ನಡೆಯುತ್ತಿದೆ ಅಂತ ಕೇಳಿದರೆ, ಪೆಟ್ಟಿಗೆ ತೊಳೆಯುತ್ತಿದ್ದೇನೆ ಅಂದ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ.

ಆಮೇಲೆ ಒಂದು ಗುರುವಾರ ಡಾಕ್ಟ್ರು ತಾವೇ ಕಣ್ಣೂರಿಗೆ ಹೋಗಿ ಬಂದರು. ಕೈಯಲ್ಲಿ ಭರಣಿ. ಮಕ್ಕಳ ಹಾಗೆ ನಗುತ್ತಿದ್ದರು. ಭರಣಿಯಲ್ಲಿ ಕೆಂಪು ಮೀನು, ಮೈ ತುಂಬ ನೀಲಿ ಚುಕ್ಕೆ. ಅಂಥ ಚಂದದ ಜೀವ ನಾನು ಅದಕ್ಕೆ ಮೊದಲೂ ನೋಡಿಲ್ಲ, ಮತ್ತೆಯೂ ನೋಡಿಲ್ಲ. ಅಂಗೈಯಷ್ಟು ಇತ್ತು. ಬಾಯಿ ಅದರ ಮುಖಕ್ಕಿಂತ ದೊಡ್ಡದು. ಕಾಕನನ್ನು ಕೇಳಿದಿರಾ ಅಂದೆ. ಮೀನು ಸಾಕುವುದು ಯಾರು, ಅವನಾ ನಾನಾ, ಅಂದರು. ಬಿಟ್ಟರು. ಮರುದಿನ ತಮ್ಮ ಕಣ್ಣು ತೋರಿಸಲು ಮೈಸೂರಿಗೆ ಹೋದರು. ಹೋಗುವಾಗ, ಐದೂ ಇರಬೇಕು ದೇವಕಿ, ಒಂದು ಕಡಿಮೆಯಾದರೂ ನಿನಗೆ ಗೊತ್ತಲ್ಲ, ಅಂದರು.

ಶನಿವಾರ ಬೆಳಿಗ್ಗೆ ಕಲ್ಲಿನಡಿಯವನು ಇರಲಿಲ್ಲ. ಕಿತ್ತಳೆ ಜೋಡಿ ಕಡಲ ಹೂವಿನ ಒಳಗೆ ಹೊಕ್ಕು ಹೊರಗೆ ಬರಲಿಲ್ಲ. ನೀಲಿಯಂಥ ನೀಲಿಯೇ ಮೂಲೆಗೆ ಅಂಟಿ ನಿಂತಿತ್ತು. ಕೆಂಪಿನದು ನಡುವೆ, ಅಲುಗಾಡದೆ. ಅದೊಂದಕ್ಕೇ ನಾಲ್ಕರಷ್ಟು ಉಸಿರು ಬೇಕಾಗಿ ನಾನು ನಾನೂರು ಸೌಟು ಸುರಿದೆ. ಸಂಜೆಗೆ ಬಲಗೈ ಬಾತು ಸೌಟು ಹಿಡಿಯಲು ಆಗಲಿಲ್ಲ. ಎಡಗೈಯಲ್ಲಿ ಸುರಿದೆ. ಹಿಡಿದು ತೆಗೆಯೋಣ ಅಂದರೆ ಕೈ ಹಾಕಿದ ಕೂಡಲೇ ಕಲ್ಲಿನ ಗುಹೆಗೆ ನುಗ್ಗುತ್ತಿತ್ತು.

ಭಾನುವಾರ ರಸ್ತೆಯಲ್ಲಿ ನಿಂತು ಲಾರಿಗೆ ಕೈ ಅಡ್ಡ ಹಾಕಿದೆ. ಕಾಕ ನನ್ನ ಕೈ ನೋಡಿದ. ಏನೂ ಕೇಳದೆ ಇಳಿದು ಬಂದ. ಪೆಟ್ಟಿಗೆ ನೋಡಿ ನಕ್ಕ. ಚಂದ ಉಂಟು, ಡಾಕ್ಟ್ರ ತಪ್ಪಲ್ಲ, ಅಂದ. ಅಡುಗೆಮನೆಯಿಂದ ಬಾಯಿ ಕಿರಿದಾದ ಮಣ್ಣಿನ ಕುಡಿಕೆ ಕೇಳಿದ. ಅದರ ಒಳಗೆ ಒಂದು ಸಿಗಡಿ ಇಟ್ಟು, ಅಡ್ಡ ಮಲಗಿಸಿ ಮರಳಿನ ಮೇಲೆ ಇಟ್ಟ. ಗುಹೆಯಲ್ಲಿ ಇರುವವರಿಗೆ ಗುಹೆಯನ್ನೇ ಕೊಡಬೇಕು ಅಂದ. ಒಂದು ಬೀಡಿ ಮುಗಿಯುವ ಮೊದಲು ಕೆಂಪಿನದು ಕುಡಿಕೆಗೆ ಹೊಕ್ಕಿತು. ಕಾಕ ಅಂಗೈಯಲ್ಲಿ ಕುಡಿಕೆಯ ಬಾಯಿ ಮುಚ್ಚಿ ಎತ್ತಿದ. ಅಷ್ಟೇ. ಮೂರು ದಿನ ನಾನು ಪಟ್ಟ ಪಾಡು ಅಷ್ಟರಲ್ಲಿ ಮುಗಿಯಿತು.

ಇದನ್ನು ಕಡಲಿಗೆ ಬಿಡುತ್ತೇನೆ, ಕೇಳಿದರೆ ಕುಂಞಿಪ್ಪ ಕದ್ದ ಅಂತ ಹೇಳು ಅಂದ. ನಾನು ಹಾಗೆ ಹೇಳುವುದಿಲ್ಲ ಅಂದೆ. ಹೇಳದಿದ್ದರೆ ಬಿಡು ಅಂದ. ಕಲ್ಲಿನಡಿಯವನು ಹೋದ, ಮೂರೇ ಉಳಿದದ್ದು ಅಂದೆ.

"ಇವತ್ತು ಎಣಿಸ್ಬೇಡ ಮೋಳೆ," ಅಂದ. "ಹೆದರಿದವರನ್ನು ಎಣಿಸಬಾರದು. ನಾಳೆ ಎಣಿಸು."

ಕೆಂಪಿನದನ್ನು ಭರಣಿಗೆ ಬಿಟ್ಟು, ಅದನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಲಾರಿಯಲ್ಲಿ ಕೂತ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಬುಧವಾರ ಬುಟ್ಟಿ ತಂದವನು ಬೇರೆಯವನು. ಭಾವನ ದೋಣಿಗೆ ಆಳು ಕಡಿಮೆಯಾಗಿ ಕಾಕ ದ್ವೀಪಕ್ಕೆ ಹೋದ ಅಂದ. ಮತ್ತೆ ಈ ಕಡೆ ಬರಲಿಲ್ಲ. ಈಗ ಇರಲಾರ. ಇದ್ದರೆ ನೂರಹತ್ತು ದಾಟಬೇಕು.

ಆ ಭಾನುವಾರ ಸಂಜೆ ಡಾಕ್ಟ್ರು ಮೈಸೂರಿನಿಂದ ಬಂದರು. ಬೂಟು ಬಿಚ್ಚುವ ಮೊದಲೇ ಹೇಳಿದೆ. ಕೆಂಪಿನದನ್ನು ನಾನೇ ಕಾಕನಿಗೆ ಕೊಟ್ಟೆ, ಕಲ್ಲಿನಡಿಯವನನ್ನು ಅದು ತಿಂದಿರಬೇಕು, ಮೂರು ಇದ್ದಾವೆ. ಅವರು ಪೆಟ್ಟಿಗೆ ನೋಡಿದರು. ನನ್ನ ಬಾತ ಕೈ ನೋಡಿದರು. ಬೆಳಿಗ್ಗೆ ಮಾತಾಡುವ ಅಂದು ಒಳಗೆ ಹೋದರು. ನಾನು ನನ್ನ ಕೋಣೆಗೆ ಹೋಗಿ ಎರಡು ಸೀರೆ, ಕಂಬಳಿ, ಗಂಡನ ಕತ್ತಿ ಸೇರಿಸಿ ಗಂಟು ಕಟ್ಟಿದೆ. ಮೂರ್ನಾಡಿಗೆ ಮೊದಲ ಬಸ್ಸು ಏಳಕ್ಕೆ.

ಬೆಳಿಗ್ಗೆ ಎದ್ದು ಪೆಟ್ಟಿಗೆ ಹತ್ತಿರ ಹೋದೆ. ಹೋಗುವವಳೇ ಆದರೂ ನೀರು ಸುರಿದು ಹೋಗಬೇಕಲ್ಲ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಹವಳದ ಕಲ್ಲಿನ ಬುಡದಲ್ಲಿ ಮರಳು ಅಲುಗಿತು. ಒಂದು ಸಣ್ಣ ಮೂತಿ ಹೊರಗೆ ಬಂತು. ಮರಳು ಬಾಯಿಗೆ ಹಾಕಿಕೊಂಡು ಉಗುಳಿತು. ನಾನು ಡಾಕ್ಟ್ರನ್ನು ಕರೆದೆ. ಅವರು ಕಣ್ಣಿಗೆ ಹೊಸ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ, ಬೆರಳು ತೋರಿಸಿ ಒಂದೊಂದನ್ನೇ ಎಣಿಸಿದರು.

"ನಾಲ್ಕು. ಸಾಕು," ಅಂದರು. ಎರಡನೇ ಮಾತು ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, ನಾನು ಕೇಳಲಿಲ್ಲ.

ಕೋಣೆಗೆ ಹೋಗಿ ಗಂಟು ಬಿಚ್ಚಿ, ಸೀರೆಗಳನ್ನು ಹಗ್ಗದ ಮೇಲೆ ಹಾಕಿ ಬಂದೆ. ಎಡಗೈಯಲ್ಲಿ ಸೌಟು ತೆಗೆದುಕೊಂಡು ಇನ್ನೂರು ಸುರಿದೆ.