ಹಿರಿಸೊಸೆ ಬಂದ ಭಾನುವಾರ

ಆ ಭಾನುವಾರ ದೊಡ್ಡಪ್ಪನ ಉಗುರು ಸಂದಿಯಲ್ಲೆಲ್ಲ ಕೆಂಪು ಅರಗು ಹಾಗೇ ಇತ್ತು. ಬೇರೆ ದಿನವಾಗಿದ್ದರೆ ಲೇತ್ ನಿಲ್ಲಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ತೊಳೆಯದೆ ಅವರು ಮನೆಯಲ್ಲಿ ಒಂದು ಲೋಟವನ್ನೂ ಮುಟ್ಟುತ್ತಿರಲಿಲ್ಲ. ಅಂದು ಬಣ್ಣದ ಕೈಯಲ್ಲೇ ರಿಮೋಟ್ ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದರು. ಸಂಜೆ ಆರಕ್ಕೆ ಅವರ ಧಾರಾವಾಹಿಯ ಮಹಾಸಂಚಿಕೆ ಇತ್ತು.

ಚನ್ನಪಟ್ಟಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ದೊಡ್ಡಪ್ಪ ಆಯುಷ್ಯವೆಲ್ಲ ಬೊಂಬೆ ಕಡೆದವರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವಾಗ ತುಟಿ ಬಿಚ್ಚುತ್ತಿರಲಿಲ್ಲ. ಮಾತೆಲ್ಲ ಟಿವಿಯ ಮುಂದೆ. ಧಾರಾವಾಹಿಯವರಿಗೆ ಬುದ್ಧಿ ಹೇಳುತ್ತಿದ್ದರು, ಬೈಯುತ್ತಿದ್ದರು. ನಡುವೆ ನಾವು ಬಾಯಿ ತೆರೆದರೆ, "ಸುಮ್ನಿರ್ರವ್ವ, ಪಾಪ ಅವ್ರು ಮಾತಾಡ್ತಾವ್ರೆ" ಎನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾದ ಧಾರಾವಾಹಿ ಅದು. ಅದರಲ್ಲಿ ಹಿರಿಸೊಸೆ ಹೊಳೆಗೆ ಬಿದ್ದಳು. ಮನೆಯವರು ತಿಥಿಯನ್ನೂ ಮಾಡಿ ಮುಗಿಸಿದರು. ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. "ಹೆಣ ತೋರಿಸ್ಲಿಲ್ಲ ಕಣ್ರೀ. ಬದುಕವ್ಳೆ, ಬತ್ತಾಳೆ" ಎಂದು ಹಟ ಹಿಡಿದರು. ದೊಡ್ಡಪ್ಪ ನಕ್ಕುಬಿಟ್ಟಿದ್ದರು. ಆಮೇಲೆ ದೊಡ್ಡಮ್ಮನೇ ತೀರಿಕೊಂಡರು. ಅಂದಿನಿಂದ ದೊಡ್ಡಪ್ಪ ಆ ಮಾತಿಗೆ ನಗಲಿಲ್ಲ. ಧಾರಾವಾಹಿಯ ಹೊತ್ತಾಯಿತೆಂದು ನೆಂಟರ ಆರತಕ್ಷತೆಗಳಿಂದ ಊಟಕ್ಕೂ ನಿಲ್ಲದೆ ಎದ್ದು ಬರುತ್ತಿದ್ದರು. ಹೆಂಡತಿ ಹೇಳಿದ್ದು ನಿಜವಾಗುವುದನ್ನು ಅವರು ನೋಡಬೇಕಿತ್ತು.

ಆ ವಾರವೆಲ್ಲ ಪ್ರೋಮೊದಲ್ಲಿ ತೋರಿಸಿದ್ದು ಹೊಸ್ತಿಲಲ್ಲಿ ನಿಂತ ಹೆಂಗಸಿನ ಬೆನ್ನು ಮಾತ್ರ. ಅವಳೇ ಇರಬಹುದೇ, ಬೇರೆ ಯಾರನ್ನೋ ತಂದು ಮೋಸ ಮಾಡುತ್ತಾರೆಯೇ ಎಂದು ದೊಡ್ಡಪ್ಪ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಆ ಮಧ್ಯಾಹ್ನ ಕೂತಲ್ಲಿ ಕೂರಲಾಗದೆ ಲೇತ್ ಹಾಕಿದರು. ಮಕ್ಕಳು ಕಡ್ಡಿಗೆ ಪೋಣಿಸಿ ಆಡುವ ಮರದ ಬಳೆಗಳು, ಮೇಲಕ್ಕೆ ಹೋದಂತೆ ಸಣ್ಣವಾಗಬೇಕು. ಎಲ್ಲವನ್ನೂ ಒಂದೇ ಅಳತೆಗೆ ಕಡೆದಿಟ್ಟರು. ಪಕ್ಕದ ಲೇತ್‌ನವರು ಅದನ್ನೆತ್ತಿ ನೋಡಿ, "ಏನಣ್ಣ, ಗೋಪುರ ಮಾಡು ಅಂದ್ರೆ ಕಂಬ ನಿಲ್ಸಿದ್ದೀಯ" ಎಂದು ರೇಗಿಸಿದರು.

"ಇರ್ಲಿ ಕಣ್ಲಾ. ಆರು ಗಂಟೆ ಆಗ್ಲಿ, ಆಮೇಲೆ ನೆಟ್ಟಗೆ ಕಡೀತೀನಿ."

ಸಂಚಿಕೆ ಶುರುವಾದ ಮೇಲೂ ಅವರು ಕೂರಲಿಲ್ಲ. ಜಾಹೀರಾತು ಬಂದಾಗಲೆಲ್ಲ ಬಾಗಿಲಿನವರೆಗೆ ಹೋಗಿ ಬಂದರು. ಕೊನೆಗೆ ಆ ಹೆಂಗಸು ತಿರುಗಿದಳು. ಅವಳೇ. ನಟಿಯೂ ಅವಳೇ, ಒಂದಿಷ್ಟು ದಪ್ಪವಾಗಿದ್ದಳು. ದೊಡ್ಡಪ್ಪ ನನ್ನ ಭುಜ ಹಿಡಿದು ಅಲುಗಿಸಿದರು.

"ನೋಡ್ದೇನವ್ವ? ನಿಮ್ ದೊಡ್ಡಮ್ಮ ಹೇಳ್ದಂಗೇ ಆಯ್ತು. ನಾನೇ ಸೋತೆ ಕಣವ್ವ."

ಸೋತವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಪ್ಪಲಿ ಮೆಟ್ಟದೆ ಬೀದಿಗಿಳಿದು ಮನೆಮನೆಗೂ ಹೇಳಿ ಬಂದರು. ನನ್ನಿಂದ ಒಸಿ ಪಾಯಸ ಮಾಡಿಸಿದರು. ತಿನ್ನುತ್ತಿದ್ದ ದೊಡ್ಡಪ್ಪ ಚಮಚ ನಿಲ್ಲಿಸಿ, "ಅಲ್ಲಾ, ಇಷ್ಟು ವರ್ಷ ಎಲ್ಲಿದ್ಲು ಇವ್ಳು?" ಎಂದರು. ಮುಂದೆ ತೋರಿಸುತ್ತಾರೆ, ಇರಿ ಎಂದೆ.

ಮಾರನೆಯ ಬೆಳಗ್ಗೆ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಟಿವಿ ಹಾಕಿದೆ. ಐದು ನಿಮಿಷವೂ ಕೂರಲಾಗಲಿಲ್ಲ; ನಿಂತೇ ನೋಡಿದೆ. ಹಿರಿಸೊಸೆ ಎಲ್ಲಿದ್ದಳು, ಯಾರು ಕಾಪಾಡಿದರು, ಎಲ್ಲವನ್ನೂ ತೋರಿಸಿದರು. ಈಗ ನನಗೆ ಗೊತ್ತು. ಕೇಳಿದವರು ಇಲ್ಲ.