ಅವಸರ ಏನಿಲ್ಲ ಅಂದ ಪರಮಶಿವಣ್ಣ

ನಮ್ಮ ಪರಮಶಿವಣ್ಣನಂಥ ಒಳ್ಳೆ ಮನುಷ್ಯರನ್ನ ನೀವು ನೋಡಿರಲಿಕ್ಕಿಲ್ಲ. ನೋಡದೆ ಇದ್ದಿದ್ದೇ ಒಳ್ಳೇದಾಯ್ತು ಬಿಡ್ರಿ. ನಾನು ಹದಿನೆಂಟು ವರ್ಷದಿಂದ ನೋಡ್ತಾ ಇದೀನಿ, ಸಾಕಾಗಿ ಹೋಗೈತೆ.

ನಾನು ಬಸಕ್ಕ. ಅಂಜನಾಪುರ ಡ್ಯಾಮಿನ ಏರಿ ಮೇಲೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ನಂದು. ಪರಮಶಿವಣ್ಣ ಇದೇ ಊರೋರು, ಶಿಕಾರಿಪುರದಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ ಇಟ್ಟಿದಾರೆ. ಅರವತ್ತು ದಾಟೈತೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ‘ಬೇಡ’. ಟೀ ಕೊಡ್ಲಾ ಅಂದ್ರೆ ಬೇಡ. ಬೆಂಚು ಒರೆಸ್ಲಾ ಅಂದ್ರೆ ಬೇಡ, ನಿಮಗ್ಯಾಕೆ ತೊಂದ್ರೆ. ನಾನು ಬಟ್ಟೆ ತರೋದ್ರೊಳಗೆ ಆ ಒದ್ದೆ ಬೆಂಚಿನ ಮೇಲೇ ಕೂತು ಪಂಚೆ ನೆನೆಸ್ಕೊಂಡಾಗಿರುತ್ತೆ. ಒಂದ್ಸಲ ಸೊರಬದ ಬಸ್ಸಲ್ಲಿ ಯಾವನೋ ಧಡಿಯ ಇವರ ಪಾದದ ಮೇಲೆ ಬೂಟು ಕಾಲಿಟ್ಟು ನಿಂತಿದ್ನಂತೆ. ಇವರು ಶಿರಾಳಕೊಪ್ಪ ಬರೋವರೆಗೂ ಬಾಯಿ ಬಿಡ್ಲಿಲ್ಲ. ಯಾಕ್ರೀ ಅಂದ್ರೆ, ‘ಅವರಿಗೂ ನಿಲ್ಲಕ್ಕೆ ಜಾಗ ಬೇಕಲ್ಲ’ ಅಂದ್ರು. ಆಹಾ, ಏನು ಔದಾರ್ಯ!

ನಮ್ಮ ಕಡೆ ‘ಬೇಡ’ ಅನ್ನೋದು ಒಂದು ಮರ್ಯಾದೆ, ಅದು ನಂಗೂ ಗೊತ್ತು. ಪಂಕ್ತಿಯಲ್ಲಿ ಮೊದಲನೇ ಸಲ ಬಡಿಸಕ್ಕೆ ಬಂದಾಗ ಬೇಡ ಅನ್ಬೇಕು. ಎರಡನೇ ಸಲ ಎಲೆ ಮೇಲೆ ಕೈ ಅಡ್ಡ ಹಿಡೀಬೇಕು. ಮೂರನೇ ಸಲ ‘ಏನ್ರೀ, ನಮ್ಮನೆ ಹೋಳಿಗೆ ಸೇರಲ್ವೇನು’ ಅಂತ ಬಡಿಸೋರು ಮುನಿಸ್ಕೊಂಡಾಗ ಎರಡು ಹಾಕಿಸ್ಕೊಂಡು ತಿನ್ಬೇಕು. ಎಲ್ಲಾರೂ ಹಿಂಗೇ ಮಾಡೋದು. ಆದ್ರೆ ಪರಮಶಿವಣ್ಣ ಮೂರನೇ ಸಲಾನೂ ಕೈ ತೆಗೆಯಲ್ಲ. ಬಡಿಸೋರಿಗೆ ಬೇರೆ ಎಲೆಗಳೂ ಇರ್ತಾವಲ್ರೀ, ಮುಂದಕ್ಕೆ ಹೋಗ್ತಾರೆ. ಇವರು ಪಕ್ಕದ ಎಲೆ ಹೋಳಿಗೇನ ನೋಡ್ಕೊಂಡು ಅನ್ನ-ಸಾರು ಉಣ್ತಾರೆ.

ಹೆಣ್ಣು ನೋಡಕ್ಕೆ ಸೊರಬಕ್ಕೆ ಹೋದಾಗಲೂ ಇದೇ ಕಥೆ. ಹುಡುಗಿ ಒಪ್ಪಿಗೇನಾ ಅಂತ ಹಿರೇರು ಕೇಳಿದ್ರೆ ‘ನಿಮ್ಮಿಷ್ಟ’ ಅಂದ್ರಂತೆ. ಹೆಣ್ಣಿನ ಕಡೆಯೋರು ಹುಡುಗನಿಗೆ ಮನಸ್ಸಿಲ್ಲ ಅಂತ ತಿಳ್ಕೊಂಡು ಎಂಟು ತಿಂಗಳು ಸುಮ್ನಾದ್ರು. ಈ ಮಹಾರಾಯರು ಎಂಟು ತಿಂಗಳು ಊಟ ಸೇರದೆ ಕಡ್ಡಿ ಆದ್ರು, ಬಾಯಿ ಮಾತ್ರ ಬಿಡ್ಲಿಲ್ಲ. ಕೊನೆಗೆ ಇವರ ತಾಯಿಗೇ ಹೊಳೆದು, ಹೇಳಿ ಕಳಿಸಿ, ಶಕುಂತಲಮ್ಮ ಈ ಮನೆಗೆ ಬಂದ್ರು.

‘ಮೂವತ್ನಾಲ್ಕು ವರ್ಷದಲ್ಲಿ ನನ್ನ ಹತ್ರ ಒಂದು ಲೋಟ ನೀರು ಕೇಳಿಲ್ಲ ಬಸಕ್ಕ, ತಾವೇ ಎದ್ದು ಹೋಗಿ ಕುಡೀತಾರೆ’ ಅಂತ ಶಕುಂತಲಮ್ಮ ಒಂದಿನ ನನ್ನ ಹತ್ರ ಹೇಳ್ಕೊಂಡ್ರು. ಎಂಥ ಒಳ್ಳೆ ಗಂಡ, ಪುಣ್ಯ ಮಾಡಿದೀರಿ ಅಂದೆ ನಾನು. ಅವರು ನನ್ನ ಮುಖ ನೋಡಿ ಮಾತು ಬದಲಾಯಿಸಿದ್ರು.

ಇಂಥೋರಿಗೆ ಜೀವನದಲ್ಲಿ ಒಂದೇ ಒಂದು ಆಸೆ ಹುಟ್ತು ನೋಡ್ರಿ, ಅದೂ ಎಂಥದ್ದು! ಮಗಳು ಅಶ್ವಿನಿಗೆ ಕಾರವಾರದಲ್ಲಿ ಕೆಲಸ. ಹೋದ ವರ್ಷ ಅಲ್ಲಿಗೆ ಹೋದಾಗ ಯಾರೋ ಕಯಾಕ್ ಮೇಲೆ ಕೂತು ಗಾಳ ಹಾಕ್ತಿದ್ದಿದ್ದು ನೋಡಿದ್ರಂತೆ. ಕಯಾಕ್ ಅಂದ್ರೆ ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕೋ ಸಪೂರ ಪ್ಲಾಸ್ಟಿಕ್ ದೋಣಿ. ಬೇಕು ಅಂತ ಇವರು ಅನ್ಲಿಲ್ಲ, ಅನ್ನೋದುಂಟಾ! ದಡದಲ್ಲಿ ಒಂದು ಗಂಟೆ ನಿಂತು ನೋಡಿದ್ರು. ಮಾರನೇ ದಿನ ಮತ್ತೆ ಹೋಗಿ ನಿಂತ್ರು. ಮಗಳಿಗೆ ಅರ್ಥ ಆಯ್ತು, ಹಲಸಿನ ತೊಳೆ ಬಣ್ಣದ್ದೊಂದು ಕೊಡಿಸಿ ಲಗೇಜ್ ಗಾಡೀಲಿ ಊರಿಗೆ ಕಳಿಸಿದ್ಲು.

ಲಿಂಗ ಕಟ್ಟಿದೋರು ಮೀನು ಹಿಡಿಯೋದಾ ಅಂತ ಊರೆಲ್ಲ ನಗ್ತು. ತಿನ್ನಕ್ಕಲ್ಲ ಸ್ವಾಮಿ! ಗಾಳ ಹಾಕಿ ಹಿಡೀತಾರೆ, ಮೆಲ್ಲಗೆ ಬಿಡಿಸ್ತಾರೆ, ‘ತಪ್ಪಾಯ್ತಪ್ಪ’ ಅಂತ ಮೀನಿಗೆ ಹೇಳಿ ವಾಪಸ್ ನೀರಿಗೆ ಬಿಡ್ತಾರೆ. ಇದೇ ಡ್ಯಾಮಲ್ಲಿ ತೆಪ್ಪದ ಮೇಲೆ ಬಲೆ ಹಾಕಿ ಬದುಕೋ ಚಿಕ್ಕಬೀರಪ್ಪ ಹೊಟ್ಟೆ ಹಿಡ್ಕೊಂಡು ನಗೋನು. ಕೆಲವು ಮೀನುಗಳಂತೂ ವಾರಕ್ಕೆ ಮೂರು ಸಲ ಬಂದು ಕ್ಷಮೆ ಕೇಳಿಸ್ಕೊಂಡು ಹೋಗ್ತಾವೆ ಅನ್ನೋನು.

ಅಪ್ಪನ ಸ್ವಭಾವ ಬಲ್ಲ ಅಶ್ವಿನಿ, ಸಮುದ್ರದ ದೋಣಿಯೋರು ಇಟ್ಕೊಳ್ಳೋ ಮೆರೀನ್ ರೇಡಿಯೋ ಎರಡು ತಂದ್ಲು. ಅದಕ್ಕೆ ಬೇಕಾದ ಪರವಾನಗಿ ಕಾಗದಾನೂ ಮಾಡಿಸಿದ್ಲಂತೆ. ಮೊಬೈಲು ನೀರಿಗೆ ಬಿದ್ರೆ ಮುಗೀತು, ಇದು ತೇಲುತ್ತೆ. ಗುಂಡಿ ಒತ್ತಿ ಮಾತಾಡೋದು, ಬಿಟ್ಟು ಕೇಳೋದು. ಒಂದು, ನೀರಲ್ಲಿ ಮುಳುಗದಂಗೆ ಅಪ್ಪ ಹಾಕ್ಕೊಳ್ಳೋ ತೇಲೋ ಜಾಕೆಟ್ಟಿಗೆ ಸಿಕ್ಕಿಸಿದ್ಲು. ಇನ್ನೊಂದು, ನೀರಿಗೆ ಹತ್ರ ಅಂತ, ನನ್ನ ಅಂಗಡಿ ಮೊಳೆಗೆ ನೇತು ಹಾಕಿದ್ಲು.

‘ಅಪ್ಪಾ, ತೊಂದ್ರೆ ಆದ್ರೆ ಮೊದಲು ಎಲ್ಲಿದೀನಿ ಅಂತ ಹೇಳು, ಆಮೇಲೆ ಏನಾಗೈತೆ ಹೇಳು. ಬೇರೆ ಒಂದು ಮಾತೂ ಬೇಡ. ಈಗೊಮ್ಮೆ ಮಾತಾಡಿ ತೋರಿಸು’ ಅಂದ್ಲು. ಪರಮಶಿವಣ್ಣ ಏರಿಯ ಆ ತುದಿಗೆ ನಡ್ಕೊಂಡು ಹೋಗಿ ಗುಂಡಿ ಒತ್ತಿದ್ರು.

‘ಬಸಕ್ಕ, ಚೆನ್ನಾಗಿದೀರಾ? ತಿಂಡಿ ಆಯ್ತಾ? ವ್ಯಾಪಾರ ಹೆಂಗೈತೆ? ಏನಿಲ್ಲ, ಸುಮ್ನೆ ಒತ್ತಿದೆ.’

ಮಗಳು ಹಣೆ ಚಚ್ಕೊಂಡ್ಲು. ನಿಜ ಹೇಳ್ಬೇಕಂದ್ರೆ ನಂಗೆ ಅದರಲ್ಲಿ ತಪ್ಪೇನೂ ಕಾಣ್ಲಿಲ್ಲ. ಮನುಷ್ಯರು ಮಾತಾಡೋದೇ ಹಂಗೆ. ನಾನೂ ಗುಂಡಿ ಒತ್ತಿ, ಆಯ್ತು ಅಣ್ಣಾರೆ, ಉಪ್ಪಿಟ್ಟು ಮಾಡಿದ್ದೆ ಅಂತ ಉತ್ತರ ಕೊಟ್ಟೆ.

ಈ ಆಷಾಢದಲ್ಲಿ ಡ್ಯಾಮು ತುಂಬಿ ಕೋಡಿ ಬಿತ್ತು. ಹೆಚ್ಚಾದ ನೀರು ಕಟ್ಟೆ ಹಾರಿ ಕೆಳಗಿನ ಬಂಡೆ ಮೇಲೆ ಧುಮುಕೋದು ನೋಡಕ್ಕೆ ಊರೂರಿಂದ ಜನ ಬರ್ತಾರೆ, ನಂಗೆ ಕೈತುಂಬ ವ್ಯಾಪಾರ. ಚಿಕ್ಕಬೀರಪ್ಪ ಇಂಥ ನೀರಲ್ಲಿ ಇಳಿಯೋದು ಬೇಡ ಅಂತ ತೆಪ್ಪ ದಡಕ್ಕೆ ಎಳೆದು ಹಾಕಿ ಬೀಡಿ ಸೇದ್ತಾ ಕೂತಿದ್ದ. ನಮ್ಮ ಪರಮಶಿವಣ್ಣ ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ದೋಣಿ ತಳ್ಕೊಂಡು ಹೊರಟ್ರು. ಬ್ಯಾಡ್ರೀ ಅಣ್ಣಾರೆ ಅಂದೆ. ‘ಈ ಮೂಲೇಲೇ ಇರ್ತೀನಿ, ಅರ್ಧ ಗಂಟೆ’ ಅಂದ್ರು. ಊರಿಗೆಲ್ಲ ತಗ್ಗಿ ನಡೆಯೋ ಮನುಷ್ಯ ಆ ದೋಣಿ ವಿಷಯದಲ್ಲಿ ಮಾತ್ರ ಮಹಾ ಮೊಂಡ.

ಹತ್ತು ಗಂಟೆ ಹೊತ್ತಿಗೆ ಸೋನೆ ಹಿಡೀತು, ಗಾಳಿ ಎದ್ದಿತು, ನೀರಿನ ಮೇಲೆಲ್ಲ ಮಬ್ಬು ಕೂತ್ಕೊಂತು. ಅಂಗಡಿ ಮುಂದೆ ಜನ ಕಿಕ್ಕಿರಿದಿದ್ರು. ರೇಡಿಯೋ ಗರಗರ ಅಂತು.

‘ಬಸಕ್ಕ, ಬಿಡುವಾಗಿದೀರಾ?’

‘ಎಲ್ಲಿ ಬಿಡುವು ಅಣ್ಣಾರೆ, ಎಣ್ಣೆ ಮುಂದೆ ನಿಂತೀನಿ, ಬಾಳ ಜನ.’

‘ಓ, ಹಂಗಾರೆ ಇರ್ಲಿ ಬಿಡಿ. ತಿಂಡಿ ಆಯ್ತಾ?’

‘ಇನ್ನೂ ಇಲ್ಲ. ನಿಮ್ದು?’

‘ಆಯ್ತು.’ ಮತ್ತೆ ಗರಗರ ಅಂತು. ‘ಬಸಕ್ಕ, ಚಿಕ್ಕಬೀರಪ್ಪ ಖಾಲಿ ಇದ್ರೆ ಈ ಕಡೆ ಒಂಚೂರು ಬರಕ್ಕೆ ಹೇಳ್ತೀರಾ? ಅವಸರ ಏನಿಲ್ಲ.’

‘ಆಯ್ತು, ಹೇಳ್ತೀನಿ’ ಅಂದೆ.

ಅವಸರ ಇಲ್ಲ ಅಂದ್ರಲ್ಲ! ಇನ್ನೊಂದು ಒಬ್ಬೆ ಮೆಣಸಿನಕಾಯಿ ಎಣ್ಣೆಗೆ ಬಿಟ್ಟೆ. ಅದು ಕೆಂಪಗಾಯ್ತು, ಎತ್ತಿ ಬುಟ್ಟಿಗೆ ಹಾಕಿದೆ, ಕಾಗದದಲ್ಲಿ ಸುತ್ತಿ ಆರು ಜನಕ್ಕೆ ಕೊಟ್ಟೆ. ಆಮೇಲೆ ನೆನಪಾಗಿ ಚಿಕ್ಕಬೀರಪ್ಪನ್ನ ಕರೆದೆ. ಎಲ್ಲಿಗೆ ಹೋಗ್ಬೇಕಂತೆ ಅಂದ ಅವನು. ಕೇಳೋಣ ಅಂತ ಗುಂಡಿ ಒತ್ತಿದೆ.

‘ಎಲ್ಲಿದೀರಿ ಅಣ್ಣಾರೆ?’

‘ಇಲ್ಲೇ.’ ಧ್ವನಿ ನಡುಗ್ತಾ ಇತ್ತು. ‘ಏನಿಲ್ಲ ಬಸಕ್ಕ, ದೋಣಿ ಸ್ವಲ್ಪ ಮಗುಚೈತೆ.’

ನೀವೇ ಹೇಳ್ರಿ, ದೋಣಿ ‘ಸ್ವಲ್ಪ’ ಮಗುಚೋದು ಅಂದ್ರೆ ಹೆಂಗೆ? ಮತ್ತೆ ನೀವೆಲ್ಲಿದೀರಿ ಅಂತ ಕಿರುಚಿದೆ.

‘ನೀರಲ್ಲಿ. ಜಾಕೆಟ್ ಐತೆ, ತೊಂದ್ರೆ ಇಲ್ಲ. ದೋಣಿ ಕೈ ತಪ್ಪಿ ಹೋಯ್ತು. ಕೋಡಿ ಸದ್ದು ಸ್ವಲ್ಪ ಹತ್ರದಲ್ಲೇ ಕೇಳ್ತಾ ಐತೆ.’

ಜಾಕೆಟ್ಟು ತೇಲಿಸುತ್ತೆ, ನಿಜ. ಆದ್ರೆ ತೇಲಿಸ್ಕೊಂಡು ಹೋಗೋದು ಕೋಡಿಗೇ. ಅಲ್ಲಿಂದ ಕೆಳಗೆ ಬಿದ್ದೋರ ಮೂಳೆ ಕೂಡ ಸಿಗಲ್ಲ. ಚಿಕ್ಕಬೀರಪ್ಪ ಬೀಡಿ ಬಿಸಾಡಿ ತೆಪ್ಪ ನೀರಿಗೆ ತಳ್ಳಿದ. ಹತ್ತು ಮಾರು ಹೋಗೋದ್ರೊಳಗೆ ಅವನೇ ಮಬ್ಬಲ್ಲಿ ಮಾಯ ಆದ.

‘ಏನೂ ಕಾಣ್ತಿಲ್ಲ ಬಸಕ್ಕ!’ ಅಂತ ಅಲ್ಲಿಂದ ಒದರಿದ. ‘ಬಾಯಿ ಬಿಟ್ಟು ಕೂಗಕ್ಕೆ ಹೇಳು ಅವರಿಗೆ! ಧ್ವನಿ ಹಿಡ್ಕೊಂಡು ಹೋಗ್ತೀನಿ!’

ಸರಿ, ರೇಡಿಯೋದಲ್ಲಿ ಮಾತು ಬರುತ್ತೆ, ದಿಕ್ಕು ಬರಲ್ಲ. ಕೂಗ್ರೀ ಅಣ್ಣಾರೆ ಅಂದೆ. ‘ಹೂಂ’ ಅಂದ್ರು. ಆಮೇಲೆ ಎಲ್ಲಿಂದಲೋ ಒಂದು ಸಣ್ಣ ‘ಹೋಯ್’ ಬಂತು, ಕೂಸು ಮಲಗಿರೋ ಮನೆ ಬಾಗಿಲಲ್ಲಿ ನಿಂತು ಕರೆದಂಗೆ.

‘ಜೋರಾಗ್ರೀ!’

‘ಏರಿ ಮೇಲೆ ಜನ ಇದಾರಲ್ಲ ಬಸಕ್ಕ, ಗಾಬರಿ ಆಗ್ತಾರೆ.’

ಅಯ್ಯೋ ನಿಮ್ಮ ಸಂಕೋಚಕ್ಕಿಷ್ಟು ಬೆಂಕಿ ಹಾಕ ಅಂತ ಬಾಯಿಗೆ ಬಂದಂಗೆ ಬೈದೆ. ಬೈತಾ ಬೈತಾ ಅಳು ಬಂತು. ಅಷ್ಟರಲ್ಲಿ ಯಾರೋ ಫೋನ್ ಮಾಡಿದ್ರು ಅಂತ ಕಾಣುತ್ತೆ, ಶಕುಂತಲಮ್ಮ ಓಡಿ ಬಂದ್ರು. ಮನೆ ಏರಿ ಕೆಳಗೇ. ಎರಡೂ ಕೈಗೆ ರೊಟ್ಟಿ ಹಿಟ್ಟು ಮೆತ್ತಿತ್ತು, ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ನನ್ನ ಕೈಯಿಂದ ರೇಡಿಯೋ ಕಿತ್ಕೊಂಡ್ರು.

‘ರೀ.’

‘ನೀನ್ಯಾಕೆ ಬಂದೆ? ಮಳೇಲಿ ನೆನೀಬೇಡ, ನೆಗಡಿ ಆಗುತ್ತೆ.’

ಶಕುಂತಲಮ್ಮನಿಗೆ ಸಿಟ್ಟು ಬಂದಿದ್ದು ನಾನು ನೋಡಿದ್ದು ಅವತ್ತೇ. ‘ಮೂವತ್ನಾಲ್ಕು ವರ್ಷ ಎಲ್ಲಾದಕ್ಕೂ ಬೇಡ ಅಂದ್ರಿ’ ಅಂದ್ರು. ‘ನೀರು ಬೇಡ, ಬಿಸಿ ರೊಟ್ಟಿ ಬೇಡ, ಜ್ವರ ಬಂದಾಗ ಹಣೆ ಮುಟ್ಟಿದ್ರೂ ಏನಿಲ್ಲ ಬಿಡು ಅಂದ್ರಿ. ನಾನು ಯಾಕಿದೀನಿ ಆ ಮನೇಲಿ? ನಾನು ನಿಮಗೆ ಬೇಕೋ, ಬೇಡ್ವೋ? ಇವತ್ತು ಹೇಳ್ಬಿಡ್ರಿ. ಇದರಲ್ಲಿ ಹೇಳ್ಬೇಡ್ರಿ, ಬಾಯಿ ಬಿಟ್ಟು ಕೂಗಿ ಹೇಳ್ರಿ. ಕೂಗ್ಲಿಲ್ಲ ಅಂದ್ರೆ ಬೇಡ ಅಂತ ತಿಳ್ಕೊಂಡು ಮನೆಗೆ ಹೋಗ್ತೀನಿ.’

ರೇಡಿಯೋನ ನನ್ನ ಕೈಗೆ ತುರುಕಿ, ನೀರಿನ ಕಡೆ ಮುಖ ಮಾಡಿ ನಿಂತ್ರು. ಕೋಡಿ ಸದ್ದು ಬಿಟ್ರೆ ಬೇರೇನೂ ಇಲ್ಲ.

‘ಬೇಕೂ!’

ಅದು ರೇಡಿಯೋದಲ್ಲಿ ಬಂದಿದ್ದಲ್ಲ, ನೀರ ಮೇಲಿಂದ ಬಂತು. ಒಡೆದ ಗಂಟಲು. ಆ ಮನುಷ್ಯನೊಳಗೆ ಅಂಥದ್ದೊಂದು ಧ್ವನಿ ಇತ್ತು ಅಂತ ದೇವರಾಣೆ ನಂಗೆ ಗೊತ್ತಿರ್ಲಿಲ್ಲ. ‘ಬೇಕು ಕಣೇ! ಶಕುಂತಲಾ! ಬೇಕೂ! ಹೋಗ್ಬೇಡವೇ!’

ಮೆಣಸಿನಕಾಯಿ ತಿಂತಿದ್ದೋರು ಹಂಗೇ ಬಾಯಿ ತೆರೆದು ನಿಂತ್ರು. ಮಬ್ಬಿನೊಳಗಿಂದ ಚಿಕ್ಕಬೀರಪ್ಪ ‘ಸಿಕ್ತು, ಸಿಕ್ತು, ನಿಲ್ಲಿಸ್ಬೇಡ್ರೀ!’ ಅಂತ ಒದರಿದ. ಶಕುಂತಲಮ್ಮ ಸೀರೆ ಸಮೇತ ಮೊಣಕಾಲುದ್ದ ನೀರಿಗೆ ಇಳಿದು ‘ಇದೀನ್ರೀ, ಇಲ್ಲೇ ಇದೀನಿ’ ಅಂತ ಅಳ್ತಾ ಇದ್ರು. ಆ ಕೂಗು ಇಡೀ ಅಂಜನಾಪುರಕ್ಕೆ ಕೇಳಿರ್ಬೇಕು. ಕೋಡಿಗೆ ಇನ್ನು ನಲವತ್ತು ಮಾರು ಇದ್ದಾಗ ಜಾಕೆಟ್ಟಿನ ಕುತ್ತಿಗೆ ಪಟ್ಟಿಗೆ ಕೈ ಹಾಕಿ ಎಳ್ಕೊಂಡೆ ಅಂತ ಚಿಕ್ಕಬೀರಪ್ಪ ಆಮೇಲೆ ಹೇಳಿದ.

ತಂದು ನನ್ನ ಬೆಂಚಿನ ಮೇಲೆ ಕೂರಿಸಿದ್ರು. ಮೈ ಗಡಗಡ ನಡುಗ್ತಿತ್ತು, ವಿಭೂತಿಯೆಲ್ಲ ತೊಳೆದು ಹೋಗಿತ್ತು. ಶಕುಂತಲಮ್ಮ ಒಂದು ಕೈಯಲ್ಲಿ ಅವರ ಕೈ ಹಿಡ್ಕೊಂಡು ಇನ್ನೊಂದರಲ್ಲಿ ಭುಜಕ್ಕೆ ಗುದ್ದುತ್ತಾ ಕೂತಿದ್ರು. ಜೀವ ಉಳೀತಲ್ಲ, ನನ್ನ ಬಾಯಿ ಮತ್ತೆ ಶುರುವಾಯ್ತು.

‘ಮೊದಲೇ ಹೇಳಕ್ಕೆ ಏನಾಗಿತ್ರೀ ನಿಮಗೆ? ತಿಂಡಿ ಆಯ್ತಾ ಅಂತೆ, ಅವಸರ ಇಲ್ಲ ಅಂತೆ! ಇನ್ಮೇಲಾದ್ರೂ ಮನಸ್ಸಲ್ಲಿರೋದನ್ನ ನೆಟ್ಟಗೆ ಹೇಳೋದು ಕಲೀರಿ’ ಅಂದೆ. ಸುತ್ತ ನಿಂತೋರೆಲ್ಲ ಹೌದು ಹೌದು ಅಂದ್ರು.

‘ಏನಿಲ್ಲ ಬಸಕ್ಕ...’ ಅಂತ ಶುರು ಮಾಡಿದ ಪರಮಶಿವಣ್ಣ ಹೆಂಡ್ತಿ ಮುಖ ನೋಡಿ ನಿಲ್ಲಿಸಿದ್ರು. ಆಮೇಲೆ ನನ್ನ ಕಡೆ ತಿರುಗಿದ್ರು. ಸಿಟ್ಟು ಇರ್ಲಿಲ್ಲ, ತಿಳ್ಕೊಳ್ಳೋಣ ಅಂತ ಕೇಳಿದಂಗೆ ಕೇಳಿದ್ರು.

‘ಬಾಳ ಹೆದರಿದ್ದೆ ಬಸಕ್ಕ. ನಿಮಗೆ ಹೇಳಿದ ಮೇಲೆ ಅಷ್ಟೊತ್ತು ಕಾದೆ. ಯಾರೂ ಬರ್ಲಿಲ್ಲ. ನೀವು ಏನು ಮಾಡ್ತಾ ಇದ್ರಿ?’

ಎಲ್ಲಾರೂ ನನ್ನ ಮುಖ ನೋಡಿದ್ರು. ಶಕುಂತಲಮ್ಮನೂ ನೋಡಿದ್ರು.

‘ಮೆಣಸಿನಕಾಯಿ ಕರೀತಾ ಇದ್ದೆ ಅಣ್ಣಾರೆ’ ಅಂದೆ.